ಕೊನೆಯ ಬಸ್ಸು ಮತ್ತು ತೆರವಾಗದ ಹಾಸಿಗೆ

ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಇಂಥ ಆಸ್ಪತ್ರೆಗಳಿಗೆ ಸುತ್ತಲಿನ ತಾಲ್ಲೂಕುಗಳ ಹಳ್ಳಿಗಳಿಂದಲೂ ಜನ ಬರುತ್ತಾರೆ. ಡಿಸ್ಚಾರ್ಜ್ ಕಾಗದ ಸಂಜೆ ಆರಕ್ಕೆ ಕೈಸೇರಿದರೆ ಎಷ್ಟೋ ಹಳ್ಳಿಗಳ ಕೊನೆಯ ಬಸ್ಸು ಹೋಗಿಬಿಟ್ಟಿರುತ್ತದೆ. ಗುಣವಾದವರು ಅದೇ ಹಾಸಿಗೆಯಲ್ಲಿ ಇನ್ನೊಂದು ರಾತ್ರಿ ಕಳೆಯುತ್ತಾರೆ, ಹೊಸ ರೋಗಿ ಹಾಸಿಗೆಗಾಗಿ ಕಾಯುತ್ತಾರೆ. ಆಗ ‘ಹಾಸಿಗೆ ಸಾಲದು, ಹೊಸ ಬ್ಲಾಕ್ ಬೇಕು’ ಎಂಬ ಪ್ರಸ್ತಾವನೆ ಹೊರಡುತ್ತದೆ.

ಅದಕ್ಕೆ ಸಹಿ ಬೀಳುವ ಮುನ್ನ ಒಂದು ಸಣ್ಣ ಲೆಕ್ಕ ನೋಡೋಣ. ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ಸರಾಸರಿ 85 ಭರ್ತಿ, ಒಬ್ಬ ರೋಗಿ ಉಳಿಯುವುದು 5 ದಿನ ಎಂದುಕೊಳ್ಳಿ. 85ನ್ನು 365ರಿಂದ ಗುಣಿಸಿ 5ರಿಂದ ಭಾಗಿಸಿದರೆ ವರ್ಷಕ್ಕೆ 6,205 ರೋಗಿಗಳು. ಉಳಿಯುವ ಅವಧಿ ನಾಲ್ಕೂವರೆ ದಿನಕ್ಕಿಳಿದರೆ ಸುಮಾರು 6,894. ಅರ್ಧ ದಿನದ ಉಳಿತಾಯಕ್ಕೆ ಹೆಚ್ಚುವರಿ 689 ರೋಗಿಗಳು, ಅಂದರೆ ಇಟ್ಟಿಗೆ ಇಡದೆ 11 ಹಾಸಿಗೆ ಕಟ್ಟಿದಂತೆ. ನೂರಕ್ಕೆ ನೂರೂ ತುಂಬಿಸುವುದೇ ದಕ್ಷತೆ ಎನ್ನುವವರೂ ಇದ್ದಾರೆ. ಮಳೆಗಾಲದಲ್ಲಿ ಡೆಂಗಿ, ವಾಂತಿಭೇದಿ ಒಟ್ಟಿಗೆ ಬಂದ ವಾರ ಆ ಲೆಕ್ಕ ತಲೆಕೆಳಗಾಗುತ್ತದೆ.

ಅರ್ಧ ದಿನ ಸೋರುವುದು ಎಲ್ಲಿ? ಒಂದು ನೋಟ್‌ಬುಕ್ಕಿನಲ್ಲಿ ಏಳು ದಿನ ನಾಲ್ಕು ಸಮಯ ಬರೆದರೆ ಸಾಕು: ಮನೆಗೆ ಕಳಿಸಬಹುದೆಂದು ವೈದ್ಯರು ಹೇಳಿದ್ದು, ಕಾಗದ ಸಿದ್ಧವಾದದ್ದು, ಹಾಸಿಗೆ ತೆರವಾದದ್ದು, ಮುಂದಿನ ರೋಗಿ ಮಲಗಿದ್ದು. ತಡ ಆಗುವುದು ಹೆಚ್ಚಾಗಿ ಮೊದಲ ಎರಡರ ನಡುವೆ: ರಕ್ತದ ರಿಪೋರ್ಟ್ ಬಂದಿಲ್ಲ, ಸಮರಿ (ಚಿಕಿತ್ಸೆಯ ಸಾರಾಂಶ) ಬರೆದಿಲ್ಲ, ಆರೋಗ್ಯ ಕರ್ನಾಟಕ ಯೋಜನೆಗೆ ರೇಷನ್ ಕಾರ್ಡಿನ ಪ್ರತಿ ಸೇರಿಲ್ಲ. ಹಾಗಾಗಿ ಯಾರನ್ನು ಕಳಿಸಬೇಕೆಂದು ಹಿಂದಿನ ಸಂಜೆಯೇ ಗೊತ್ತುಮಾಡಿ, ಸಮರಿ ಬರೆದಿಟ್ಟು, ಬೆಳಗ್ಗೆ ಆರಕ್ಕೆ ರಕ್ತ ತೆಗೆಯಬೇಕು. ರೌಂಡ್ಸ್ ಒಂದನೇ ಹಾಸಿಗೆಯಿಂದಲ್ಲ, ಹೊರಡುವವರಿಂದ ಶುರುವಾಗಬೇಕು. ಹಾಸಿಗೆ ಬಿಟ್ಟು ಔಷಧಿಗೆ ಕಾಯುವವರಿಗೆ ಫ್ಯಾನು, ನೀರು, ನಾಲ್ಕು ಬೆಂಚಿರುವ ಕೋಣೆ ಸಾಕು. ಅವಸರಕ್ಕೆ ಕಳಿಸಿ ವಾರದೊಳಗೆ ಮರಳಿ ದಾಖಲಾದವರೆಷ್ಟು ಎಂಬುದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಇಲ್ಲದಿದ್ದರೆ ಉಳಿತಾಯದ ಲೆಕ್ಕ ಸುಳ್ಳು.

ಡಯಾಲಿಸಿಸ್ ಯಂತ್ರಗಳ ಕತೆ ಇನ್ನೂ ಸಿಕ್ಕಲು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣವಿರಲಿ, ಬೇರೆ ಅನುದಾನವಿರಲಿ, ಯಂತ್ರ ಕೊಳ್ಳುವುದು ಒಮ್ಮೆ. ನಡೆಸುವವರ ಸಂಬಳ ಪ್ರತಿ ತಿಂಗಳು. ಐದು ಡಯಾಲಿಸಿಸ್ ಯಂತ್ರಗಳಲ್ಲಿ ಒಂದನ್ನು ರಕ್ತದ ಮೂಲಕ ಹರಡುವ ಹೆಪಟೈಟಿಸ್ ಬಿ ಇರುವವರಿಗೇ ಮೀಸಲಿಟ್ಟರೆ ಉಳಿದದ್ದು ನಾಲ್ಕು. ದಿನಕ್ಕೆ ಎರಡು ಪಾಳಿ, ವಾರಕ್ಕೆ ಆರು ದಿನ: 48 ಸರದಿ. ಒಬ್ಬರಿಗೆ ವಾರಕ್ಕೆ ಮೂರರಂತೆ 16 ಜನ. ಇನ್ನೆರಡು ಯಂತ್ರ ತಂದರೆ 24 ಜನ. ತರದೆ ಮೂರನೇ ಪಾಳಿ ನಡೆಸಿದರೂ 24 ಜನ. ಮೂರನೇ ಪಾಳಿಗೆ ಬೇಕಾದದ್ದು ಟೆಕ್ನಿಷಿಯನ್, ನರ್ಸ್ ಮತ್ತು ನೀರು.

ನೀರನ್ನು ಮರೆತ ಯೋಜನೆಗಳು ಬೇಸಿಗೆಯಲ್ಲಿ ಬಾಯಿಬಿಡುತ್ತವೆ. ಡಯಾಲಿಸಿಸ್ ದ್ರವ ನಿಮಿಷಕ್ಕೆ 500 ಮಿಲಿಲೀಟರ್ ಹರಿಯುತ್ತದೆ, ನಾಲ್ಕು ಗಂಟೆಗೆ 120 ಲೀಟರ್. ಆರ್‌ಒ (ಪೊರೆಯ ಮೂಲಕ ನೀರು ಶುದ್ಧಗೊಳಿಸುವ) ಘಟಕ ಅರ್ಧ ನೀರನ್ನು ಹೊರಚೆಲ್ಲಿದರೆ ಒಂದು ಸರದಿಗೆ 240 ಲೀಟರ್ ಬೇಕು, ಮೂರು ಪಾಳಿಯ ದಿನದ 12 ಸರದಿಗೆ 2,880. ಯಂತ್ರ ತೊಳೆಯುವುದು ಬೇರೆ. ಬೋರ್‌ವೆಲ್‌ನ ಗಡಸು ನೀರು ಮೆದುಗೊಳಿಸದೆ ಬಂದರೆ ಪೊರೆ ಸುಣ್ಣಗಟ್ಟುತ್ತದೆ. ನಲ್ಲಿ ನೀರಿನಲ್ಲಿರುವ ಸೋಂಕುನಿವಾರಕ ಕ್ಲೋರಮೈನ್ ಇನ್ನೂ ಅಪಾಯ: ಆರ್‌ಒ ಅದನ್ನು ಪೂರ್ತಿ ತಡೆಯುವುದಿಲ್ಲ, ರಕ್ತ ಸೇರಿದರೆ ಕೆಂಪು ಕಣಗಳು ಒಡೆಯುತ್ತವೆ. ಆರ್‌ಒಗೆ ಮುಂಚೆ ಇದ್ದಿಲಿನ ಸೋಸುಕ ಇರಬೇಕು, ಅದರಿಂದ ಹೊರಬಂದ ನೀರನ್ನು ಪ್ರತಿ ಪಾಳಿಗೆ ಮೊದಲು ಪರೀಕ್ಷಿಸಬೇಕು.

ಮೊದಲ ಪಾಳಿ ಏಳರಿಂದ, ಎರಡನೆಯದು ಹನ್ನೆರಡರಿಂದ, ಮೂರನೆಯದು ಸಂಜೆ ಐದರಿಂದ ಒಂಬತ್ತರವರೆಗೆ. ನಡುವಿನ ಒಂದು ಗಂಟೆ ಯಂತ್ರ ಶುಚಿಗೊಳಿಸಲು. ಕಲಬುರಗಿಯಲ್ಲಾದರೆ ಕೊನೆಯ ಪಾಳಿ ನಗರದವರಿಗೆ, ಜೇವರ್ಗಿ ಸೇಡಂ ಕಡೆಯವರಿಗೆ ಮೊದಲೆರಡು. ಹೆಸರು ಬರೆದುಕೊಳ್ಳುವಾಗಲೇ ಅವರ ಊರಿನ ಬಸ್ಸಿನ ಸಮಯವನ್ನೂ ಕೇಳಿಟ್ಟುಕೊಳ್ಳಬೇಕು.