ರಕ್ತ ಮರಳಿದ ಮೊದಲ ಕೆಲವು ನಿಮಿಷ

ಹೃದಯಾಘಾತದಲ್ಲಿ ಕಟ್ಟಿಕೊಂಡ ರಕ್ತನಾಳವನ್ನು ಆದಷ್ಟು ಬೇಗ ತೆರೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ಹೊತ್ತೂ ಹೇಗೋ ಜೀವ ಹಿಡಿದಿದ್ದ ಒಂದಷ್ಟು ಸ್ನಾಯುಕೋಶಗಳು, ರಕ್ತ ಮರಳಿದ ಮೊದಲ ನಿಮಿಷಗಳಲ್ಲೇ ಸಾಯುತ್ತವೆ. ಇದನ್ನು ರೀಪರ್ಫ್ಯೂಷನ್ ಹಾನಿ ಎನ್ನುತ್ತೇವೆ. ಕ್ಯಾಲ್ಸಿಯಂ ಮತ್ತು ಪ್ರತಿಕ್ರಿಯಾಶೀಲ ಆಮ್ಲಜನಕ (ಸಿಕ್ಕ ಅಣುಗಳನ್ನು ಕೆಡಿಸುವ ಆಮ್ಲಜನಕದ ಚುರುಕು ರೂಪಗಳು), ಎರಡೂ ಸೇರಿ ಮಾಡುವ ಹಾನಿ ಇದು.

ವಿಶ್ರಾಂತಿಯಲ್ಲಿರುವ ಕೋಶದೊಳಗೆ ಮುಕ್ತ ಕ್ಯಾಲ್ಸಿಯಂ ಅತಿ ಕಡಿಮೆ, ಸುಮಾರು 100 ನ್ಯಾನೊಮೋಲಾರ್. ಹೊರಗೆ ಅದರ ಹತ್ತು ಸಾವಿರ ಪಟ್ಟು. ಈ ಅಂತರ ಉಳಿಯಬೇಕಾದರೆ ಕೋಶಪೊರೆಯ ಪಂಪುಗಳಿಗೆ ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣು, ಬೇಕು. ರಕ್ತ ನಿಂತಾಗ ಎಟಿಪಿ ಬರಿದಾಗುತ್ತದೆ, ಕೋಶದಲ್ಲಿ ಆಮ್ಲ ತುಂಬುತ್ತದೆ. ಆಮ್ಲವನ್ನು ಹೊರಹಾಕಲು ಕೋಶ ಸೋಡಿಯಂ ಒಳಗೆಳೆದುಕೊಳ್ಳುತ್ತದೆ. ಸೋಡಿಯಂ ಹೆಚ್ಚಿದಂತೆ, ಸಾಮಾನ್ಯವಾಗಿ ಕ್ಯಾಲ್ಸಿಯಂ ಹೊರಗೆ ಕಳಿಸುತ್ತಿದ್ದ ಸೋಡಿಯಂ-ಕ್ಯಾಲ್ಸಿಯಂ ವಿನಿಮಯಕ ತಿರುಗಿ ನಿಂತು ಅದನ್ನೇ ಒಳಗೆ ಬಿಡುತ್ತದೆ. ಅದೇ ಹೊತ್ತಿಗೆ ಕೋಶದ ಶಕ್ತಿಘಟಕವಾದ ಮೈಟೊಕಾಂಡ್ರಿಯದಲ್ಲಿ ಸಕ್ಸಿನೇಟ್ ಎಂಬ ಇಂಧನ ಶೇಖರವಾಗುತ್ತಿರುತ್ತದೆ.

ನಾಳ ತೆರೆದೊಡನೆ ಆಮ್ಲಜನಕ ಬರುತ್ತದೆ. ಸಕ್ಸಿನೇಟ್ ಒಮ್ಮೆಲೇ ಉರಿದು, ಎಲೆಕ್ಟ್ರಾನುಗಳು ಮೈಟೊಕಾಂಡ್ರಿಯದ ಕಾಂಪ್ಲೆಕ್ಸ್ 1 ಎಂಬ ಪ್ರೋಟೀನ್ ಗುಂಪಿನ ಕಡೆಗೆ ಹಿಮ್ಮುಖವಾಗಿ ನುಗ್ಗಿ, ಪ್ರತಿಕ್ರಿಯಾಶೀಲ ಆಮ್ಲಜನಕದ ಒಂದು ರೂಪವಾದ ಸೂಪರ್‌ಆಕ್ಸೈಡ್ ಹುಟ್ಟಿಸುತ್ತವೆ. ಅದರಿಂದ ಬಂದ ಪೆರಾಕ್ಸೈಡ್, ಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣದ ಬಾಗಿಲಾದ ರಯನೊಡಿನ್ ಗ್ರಾಹಕವನ್ನು ಸೋರುವಂತೆ ಮಾಡುತ್ತದೆ, ಕ್ಯಾಲ್ಸಿಯಂ ವಾಪಸು ತುಂಬುವ ಸರ್ಕಾ ಪಂಪನ್ನು ಕುಗ್ಗಿಸುತ್ತದೆ. ಸೋರಿದ ಕ್ಯಾಲ್ಸಿಯಂ ಮೈಟೊಕಾಂಡ್ರಿಯ ಸೇರುತ್ತದೆ. ಅಲ್ಲಿ ಕ್ಯಾಲ್ಸಿಯಂ, ಪ್ರತಿಕ್ರಿಯಾಶೀಲ ಆಮ್ಲಜನಕ ಎರಡೂ ಹೆಚ್ಚಾದಾಗ ಅದರ ಒಳಪೊರೆಯ ರಂಧ್ರ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ಅದನ್ನು ಮುಚ್ಚಿಟ್ಟಿದ್ದದ್ದು ಆಮ್ಲೀಯತೆ. ಹೊಸ ರಕ್ತ ಆ ಆಮ್ಲವನ್ನೂ ತೊಳೆದುಬಿಡುತ್ತದೆ. ರಂಧ್ರ ತೆರೆದೇ ಉಳಿದರೆ ಮೈಟೊಕಾಂಡ್ರಿಯ ಊದಿ ಒಡೆಯುತ್ತದೆ, ಎಟಿಪಿ ತಯಾರಿಸುವ ಕಿಣ್ವವೇ ಎಟಿಪಿಯನ್ನು ಒಡೆಯತೊಡಗುತ್ತದೆ, ಕೋಶ ಉಳಿಯುವುದಿಲ್ಲ.

ಹಾಗಾದರೆ ಪ್ರತಿಕ್ರಿಯಾಶೀಲ ಆಮ್ಲಜನಕವನ್ನು ತಣಿಸುವ ಆಂಟಿಆಕ್ಸಿಡೆಂಟ್ ಮಾತ್ರೆ ಸಾಕಲ್ಲವೇ? ಸಾಲದು. ದಿನವೂ ನುಂಗಿದ ವಿಟಮಿನ್ ಇ ಆ ಕೆಲವು ನಿಮಿಷಗಳಲ್ಲಿ ಮೈಟೊಕಾಂಡ್ರಿಯದೊಳಗಿನ ಸ್ಫೋಟವನ್ನು ತಡೆಯಲಾರದು. ಮೇಲಾಗಿ, ಅಲ್ಪ ಪ್ರಮಾಣದ ಪೆರಾಕ್ಸೈಡ್ ಕೋಶಕ್ಕೆ ಬೇಕಾದ ಸಂಕೇತ. ಪ್ರಾಣಿಗಳ ಹೃದಯಕ್ಕೆ ಮೊದಲೇ ಚಿಕ್ಕ ಚಿಕ್ಕ ರಕ್ತತಡೆ ಕೊಟ್ಟರೆ ರಕ್ಷಣೆ ಸಿಗುತ್ತದೆ. ಆಗ ಆಂಟಿಆಕ್ಸಿಡೆಂಟ್ ಕೊಟ್ಟರೆ ಆ ರಕ್ಷಣೆಯೇ ಕಳೆದುಹೋಗಬಹುದು. ರಂಧ್ರ ತೆರೆಯುವುದನ್ನೇ ತಡೆಯುವ ಸೈಕ್ಲೊಸ್ಪೊರಿನ್ ಎಂಬ ಔಷಧ 2008ರಲ್ಲಿ 58 ರೋಗಿಗಳ ಅಧ್ಯಯನದಲ್ಲಿ ಆಸೆ ಹುಟ್ಟಿಸಿತು. 2015ರ ದೊಡ್ಡ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ.

ಹೀಗಾಗಿ ಇಂದಿಗೂ ದೊಡ್ಡ ಉಪಾಯ ಸಮಯವೇ. ನಾಳ ಮುಚ್ಚಿದ್ದಷ್ಟು ಹೊತ್ತೂ ಕೋಶದಲ್ಲಿ ಸೋಡಿಯಂ, ಕ್ಯಾಲ್ಸಿಯಂ, ಸಕ್ಸಿನೇಟ್ ಏರುತ್ತಲೇ ಇರುತ್ತವೆ. ಎದೆನೋವಿನವರು ಆಸ್ಪತ್ರೆ ತಲುಪಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಅದರಲ್ಲಿ ನಾಳ ಪೂರ್ತಿ ಮುಚ್ಚಿದ ಹೃದಯಾಘಾತದ ಗುರುತು ಕಂಡು, ಆಂಜಿಯೊಪ್ಲಾಸ್ಟಿಗೆ (ಬಲೂನಿನಿಂದ ನಾಳ ತೆರೆಯಲು) 120 ನಿಮಿಷ ಮೀರುವುದಾದರೆ, ವೈದ್ಯಕೀಯ ಅಡ್ಡಿಯಿಲ್ಲದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಟ್ಟು ಮುಂದೆ ಕಳಿಸಬೇಕು.