ತುಟಿ ಅಳೆಯುವ ಮೊದಲು ಹಲ್ಲು ನೋಡಿ

ಮದುವೆ ನಿಶ್ಚಯವಾದ ಹುಡುಗಿಯರು ಈಗ ಕ್ಲಿನಿಕ್ಕಿಗೆ ಬರುವಾಗ ಫೋನಿನಲ್ಲಿ ಒಂದು ಲೆಕ್ಕ ತರುತ್ತಾರೆ. ಮೇಲ್ದುಟಿಯ ದಪ್ಪ 1 ಇದ್ದರೆ ಕೆಳದುಟಿಯದ್ದು 1.6 ಇರಬೇಕಂತೆ. ಕುಂಬಳೆಯವರಿಗೂ ಬದಿಯಡ್ಕದವರಿಗೂ ಅದೇ ಚಿಂತೆ: "ನನ್ನದು ಹಾಗಿಲ್ಲ ಡಾಕ್ಟ್ರೇ."

ಈ 1.6 ಸುವರ್ಣ ಅನುಪಾತದ್ದು, ಇಂಗ್ಲಿಷಿನಲ್ಲಿ ಗೋಲ್ಡನ್ ರೇಶಿಯೋ ಅನ್ನುತ್ತಾರಲ್ಲ, ಅದು. ಗಣಿತದಲ್ಲಿ ಅದಕ್ಕೆ ಬೆಲೆ ಇದೆ, ಮುಖಕ್ಕೆ ಅದೇ ಕಾನೂನಲ್ಲ. ಚಿತ್ರ ತೋರಿಸಿ ಜನರನ್ನು ಕೇಳಿದ ಅಧ್ಯಯನಗಳಲ್ಲೇ ಒಂದು ಉತ್ತರ ಬಂದಿಲ್ಲ. ಒಂದು ಕಡೆ ಎರಡೂ ತುಟಿ ಸಮ ಇದ್ದರೆ ಚೆಂದ ಅಂದರು, ಇನ್ನೊಂದು ಕಡೆ ಕೆಳದುಟಿ ಎರಡರಷ್ಟು ಇರಲಿ ಅಂದರು.

ಮುಖವನ್ನು ಪಕ್ಕದಿಂದ ನೋಡಲು ನಮ್ಮ ಹಲ್ಲಿನ ವೈದ್ಯರಲ್ಲಿ ರಿಕೆಟ್ಸ್ ಗೆರೆ ಅಂತ ಇದೆ. ಮೂಗಿನ ತುದಿಯಿಂದ ಗದ್ದದ ತುದಿಗೆ ಎಳೆಯುವುದು. ಮೇಲ್ದುಟಿ ಅದರಿಂದ 4 ಮಿ.ಮೀ., ಕೆಳದುಟಿ 2 ಮಿ.ಮೀ. ಹಿಂದೆ ಇರಬೇಕು ಅನ್ನುತ್ತದೆ ಪುಸ್ತಕ. ಅದು ಬಿಳಿಯರ ಮುಖ ನೋಡಿ ಬರೆದ ಅಳತೆ. ನಮ್ಮ ಕಡೆ ಎಷ್ಟೋ ಜನರ ತುಟಿ ಆ ಗೆರೆಯನ್ನು ಮುಟ್ಟುತ್ತದೆ, ದಾಟುತ್ತದೆ ಕೂಡ. ಅದು ದೋಷವಲ್ಲ.

ನಾನು ಮೊದಲು ಹೇಳುವುದು, "ಮಗಾ, 'ಅಮ್ಮ' ಅಂತ ಹೇಳಿ ತುಟಿ ಸಡಿಲ ಬಿಡು." ಆಗ ಮೇಲಿನ ಮುಂದಿನ ಹಲ್ಲು 2ರಿಂದ 4 ಮಿ.ಮೀ. ಕಂಡರೆ ಹರೆಯದ ಹುಡುಗಿಗೆ ಸರಿಯಾದ ಲೆಕ್ಕ. ಏನೂ ಕಾಣದಿದ್ದರೆ ಮೇಲ್ದುಟಿ ಉದ್ದ ಇರಬಹುದು, ಹಲ್ಲು ಸವೆದಿರಬಹುದು. ಆಮೇಲೆ ಬಾಯಿ ಮುಚ್ಚಲು ಹೇಳುತ್ತೇನೆ. ಕೆಲವರಿಗೆ ಆಗ ಗದ್ದ ಬಿಗಿದು ಅಲ್ಲಲ್ಲಿ ಗುಳಿ ಬೀಳುತ್ತದೆ. ಅಂಥವರಿಗೆ ಹೆಚ್ಚಾಗಿ ಹಲ್ಲೇ ತುಟಿಯನ್ನು ಮುಂದೆ ತಳ್ಳಿರುತ್ತದೆ. ಕ್ಲಿಪ್ ಹಾಕಿ ಹಲ್ಲು ಹಿಂದೆ ತಂದರೆ ತುಟಿಯೂ ಸ್ವಲ್ಪ ಹಿಂದೆ ಸರಿಯುತ್ತದೆ. ಅಲ್ಲಿ ಫಿಲ್ಲರ್, ಅಂದರೆ ತುಟಿ ದಪ್ಪ ಮಾಡಲು ಚುಚ್ಚುವ ಮದ್ದು, ತುಂಬಿಸಿದರೆ ಉಬ್ಬು ಇನ್ನೂ ಜಾಸ್ತಿ ಕಾಣುತ್ತದೆ, ಅಲ್ವಾ?

ಯಕ್ಷಗಾನದ ಚೌಕಿಯಲ್ಲಿ ಸ್ತ್ರೀವೇಷದವರು ತುಟಿಯ ಅಂಚನ್ನು ಎಷ್ಟು ಎಚ್ಚರದಿಂದ ತೀಡುತ್ತಾರೆ ನೋಡಿ. ನನ್ನ ಪ್ರಕಾರ ಕಣ್ಣಿಗೆ ಮೊದಲು ಬೀಳುವುದು ಆ ಅಂಚು, ದಪ್ಪ ಆಮೇಲೆ.

ಸೆಲ್ಫಿ ನೋಡಿ ತೀರ್ಮಾನ ಮಾಡಲೇಬೇಡಿ. ಫೋನ್ ಹತ್ತಿರ ಹಿಡಿದಷ್ಟೂ ಮುಖದ ನಡುಭಾಗ ದೊಡ್ಡದಾಗುತ್ತದೆ. ಒಂದು ಅಡಿ ದೂರದಿಂದ ತೆಗೆದರೆ, ಐದು ಅಡಿಯಿಂದ ತೆಗೆದದ್ದಕ್ಕಿಂತ ಮೂಗು ಸುಮಾರು ಶೇ. 30 ಅಗಲ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿದ್ದಾರೆ.

ಇಷ್ಟಾದ ಮೇಲೂ ಫಿಲ್ಲರ್ ಬೇಕು ಅನಿಸಿದರೆ ಪಾರ್ಲರಿನಲ್ಲಿ ಮಾತ್ರ ಬೇಡ. ತುಟಿಯಲ್ಲಿ ರಕ್ತನಾಳ ಓಡುತ್ತದೆ. ಮದ್ದು ಅದರೊಳಗೆ ಹೋದರೆ ಚರ್ಮ ಸಾಯಬಹುದು. ಹೈಯಲುರಾನಿಕ್ ಆಮ್ಲದ ಫಿಲ್ಲರನ್ನು ಕರಗಿಸುವ ಹೈಯಲುರಾನಿಡೇಸ್ ಇದೆಯಾ ಅಂತ ವೈದ್ಯರನ್ನು ಮೊದಲೇ ಕೇಳಿ. ಇಲ್ಲ ಅಂದರೆ ಎದ್ದು ಬನ್ನಿ.