ಇಂಡೀ ಸ್ಟುಡಿಯೋ ಮಾರಾಟವಾದಾಗ ಗೇಮರ್‌ಗಳಿಗೆ ಯಾಕೆ ಭಯ: ಓದುವವರಿಗೊಂದು ಟಿಪ್ಪಣಿ

ಸಣ್ಣ, ಸ್ವತಂತ್ರ (ಇಂಡೀ) ಗೇಮ್ ಸ್ಟುಡಿಯೋವೊಂದನ್ನು ದೊಡ್ಡ ಕಂಪನಿ ಕೊಂಡಿತು ಅನ್ನುವ ಸುದ್ದಿ ಬಂದ ಕೂಡಲೇ ಗೇಮರ್‌ಗಳ ಬಾಯಲ್ಲಿ ಬರುವ ಮಾತು ಒಂದೇ: "ಮುಗೀತು ಬಿಡಿ." ಆದರೆ ಏನು ಮುಗಿಯುತ್ತದೆ, ಯಾವಾಗ, ಯಾರ ಕೈಯಿಂದ ಅಂತ ಕೇಳಿದರೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ. ಗೇಮಿಂಗ್ ಉದ್ಯಮದ ಬಗ್ಗೆ ಓದುವವರಿಗೆ ಈ ವಿಷಯ ಎದುರಾಗದೆ ಇರುವುದಿಲ್ಲ. ಓದಿದ್ದು ಇನ್ನೂ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಅರ್ನ್-ಔಟ್ (ಗುರಿ ಮುಟ್ಟಿದರೆ ಮಾತ್ರ ಆಮೇಲೆ ಕೊಡುವ ದುಡ್ಡು) ಭಾಗ ಉದ್ದವಾಗಿದೆ. ಗಂಟು ಇರುವುದೇ ಅಲ್ಲಿ.

ಕೊಂಡದ್ದು ಏನನ್ನು?

ಕೊಂಡವರ ಕೈಗೆ ಗೇಮ್‌ನ ಹೆಸರು, ಪಾತ್ರಗಳು, ಕೋಡ್, ಮುಂದಿನ ಭಾಗ ಮಾಡುವ ಹಕ್ಕು ಬರುತ್ತವೆ. ಇದನ್ನೇ ಎಲ್ಲರೂ ಐಪಿ (ಬೌದ್ಧಿಕ ಆಸ್ತಿ) ಅನ್ನುವುದು. ಜೊತೆಗೆ ಕಂಪನಿಯ ಸಾಲ, ಹಳೆಯ ಒಪ್ಪಂದಗಳು ಕೂಡ ಬರುತ್ತವೆ. ಜನ ಮಾತ್ರ ಹಾಗೆ ಬರುವುದಿಲ್ಲ. ಅವರು ನಾಳೆಯೇ ರಾಜೀನಾಮೆ ಕೊಡಬಹುದು.

2014ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್, ಮೈನ್‌ಕ್ರಾಫ್ಟ್ ಗೇಮ್ ಮಾಡಿದ ಮೊಯಾಂಗ್ ಸ್ಟುಡಿಯೋವನ್ನು 250 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ಮೂವರು ಸ್ಥಾಪಕರೂ ಹೊರಗೆ ಹೋದರು. ಮೈನ್‌ಕ್ರಾಫ್ಟ್ ಕಥೆ ಅಷ್ಟೇ ಅಂತ ಆಗ ಅಂದವರು ಬಹಳ ಜನ. 2023ರ ಹೊತ್ತಿಗೆ ಅದರ 30 ಕೋಟಿ ಪ್ರತಿಗಳು ಮಾರಾಟವಾಗಿದ್ದವು. ಎದುರಾಳಿ ಸೋನಿಯ ಕನ್ಸೋಲ್‌ಗಳಲ್ಲೂ (ಗೇಮ್ ಆಡುವ ಯಂತ್ರ) ಗೇಮ್ ಉಳಿಯಿತು, ನಿಂಟೆಂಡೋ ಕನ್ಸೋಲ್‌ಗೆ ಆಮೇಲೆ ಬಂತು. ಬದಲಾದದ್ದು ಯಾರೂ ಅಷ್ಟಾಗಿ ಯೋಚಿಸದ ಜಾಗದಲ್ಲಿ. ಹಳೆಯ ಮೊಯಾಂಗ್ ಅಕೌಂಟ್ ಇದ್ದವರೆಲ್ಲ ಅದನ್ನು ಮೈಕ್ರೋಸಾಫ್ಟ್ ಅಕೌಂಟ್‌ಗೆ ಬದಲಾಯಿಸಿಕೊಳ್ಳಬೇಕಾಯಿತು, ಅದಕ್ಕೆ 2023ರಲ್ಲಿ ಗಡುವು ಮುಗಿಯಿತು. ದುಡ್ಡು ಕೊಟ್ಟು ಕೊಂಡ ಗೇಮ್ ಒಳಗೆ ಹೋಗಲು ಇನ್ನೊಂದು ಕಂಪನಿಯ ಲಾಗಿನ್ ಬೇಕು. ಸಣ್ಣ ವಿಷಯ ಅನ್ನಿಸಬಹುದು, ಆದರೆ ಇಂಥದ್ದೇ ಜಾಸ್ತಿ ನಡೆಯುವುದು.

ನನ್ನ ಶಾರ್ಟ್‌ಕಟ್: ಕೊಳ್ಳುವವರಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಪ್ರತಿ ಮಾರಾಟದ ಸುದ್ದಿಗೂ ನಾನು ಮೊದಲು ಕೇಳುವುದು ಇದನ್ನೇ. ಕೊಂಡ ಕಂಪನಿ ತಿಂಗಳ ಕೊನೆಗೆ ದುಡ್ಡು ಎಣಿಸುವುದು ಯಾವ ಗಲ್ಲಾಪೆಟ್ಟಿಗೆಯಲ್ಲಿ? ಗೇಮ್ ನಿಧಾನವಾಗಿ ಆ ಪೆಟ್ಟಿಗೆಯ ಕಡೆಗೇ ಹರಿಯುತ್ತದೆ. ಕನ್ಸೋಲ್ ಮಾರುವವರು ಕೊಂಡರೆ "ಬೇರೆ ಕನ್ಸೋಲ್‌ಗೆ ಸಿಗುವುದಿಲ್ಲವೇನೋ" ಅನ್ನುವ ಭಯಕ್ಕೆ ಅರ್ಥವಿದೆ. ಅಂಗಡಿ ನಡೆಸುವವರು ಕೊಂಡರೆ ಆ ಭಯ ದಾರಿ ತಪ್ಪಿದ್ದು. ಅಲ್ಲಿ ಕೇಳಬೇಕಾದ್ದು ಬೇರೆ.

ಇದಕ್ಕೆ ಒಳ್ಳೆಯ ಉದಾಹರಣೆ ರಾಕೆಟ್ ಲೀಗ್. ಕಾರುಗಳು ಫುಟ್‌ಬಾಲ್ ಆಡುವ ಈ ಗೇಮ್ ಮಾಡಿದ್ದು ಸೈಯೋನಿಕ್ಸ್ ಅನ್ನುವ ಸ್ವತಂತ್ರ ಸ್ಟುಡಿಯೋ. 2019ರ ಮೇ ತಿಂಗಳಲ್ಲಿ ಎಪಿಕ್ ಅದನ್ನು ಕೊಳ್ಳುವುದಾಗಿ ಪ್ರಕಟಿಸಿತು. ಎಪಿಕ್‌ಗೆ ತನ್ನದೇ ಆನ್‌ಲೈನ್ ಅಂಗಡಿ ಇದೆ, ಫೋರ್ಟ್‌ನೈಟ್ ಅನ್ನುವ ಉಚಿತ ಗೇಮ್ ಇದೆ. ಅಂದರೆ ಅದಕ್ಕೆ ಬೇಕಾದ್ದು ತನ್ನ ಅಂಗಡಿಗೆ ಬರುವ ಜನ, ಉಚಿತ ಗೇಮ್ ಒಳಗೆ ಮಾರಾಟವಾಗುವ ವಸ್ತುಗಳು. ಸುದ್ದಿ ಬಂದ ಕೂಡಲೇ ಸ್ಟೀಮ್ ಅನ್ನುವ ಎದುರಾಳಿ ಆನ್‌ಲೈನ್ ಅಂಗಡಿಯಲ್ಲಿ ಕೆಟ್ಟ ರಿವ್ಯೂಗಳ ಸುರಿಮಳೆ. ಗೇಮ್ ಮಾತ್ರ ಹಾಗೇ ಇತ್ತು. ಆಮೇಲೆ ಏನಾಯಿತು ನೋಡಿ. 2020ರ ಮಾರ್ಚ್‌ನಲ್ಲಿ ಮ್ಯಾಕ್ ಮತ್ತು ಲಿನಕ್ಸ್‌ಗೆ ಬೆಂಬಲ ನಿಂತಿತು. ಅದೇ ಸೆಪ್ಟೆಂಬರ್‌ನಲ್ಲಿ ಗೇಮ್ ಉಚಿತವಾಯಿತು. ಹೊಸಬರಿಗೆ ಸ್ಟೀಮ್‌ನಲ್ಲಿ ಸಿಗುವುದು ನಿಂತಿತು, ಮೊದಲೇ ಕೊಂಡವರಿಗೆ ಮಾತ್ರ ಅಲ್ಲಿ ಉಳಿಯಿತು. 2023ರ ಡಿಸೆಂಬರ್‌ನಲ್ಲಿ ಆಟಗಾರರು ತಮ್ಮತಮ್ಮಲ್ಲೇ ವಸ್ತು ಬದಲಾಯಿಸಿಕೊಳ್ಳುವ ಸೌಲಭ್ಯವನ್ನೂ ತೆಗೆದರು. ಒಬ್ಬ ಆಟಗಾರ ಇನ್ನೊಬ್ಬನಿಂದ ತನ್ನ ಕಾರಿಗೆ ಚಕ್ರ ಪಡೆದರೆ ಅಂಗಡಿಗೆ ಏನೂ ಸಿಗುವುದಿಲ್ಲ, ಅಲ್ವಾ? ನಾಲ್ಕೂವರೆ ವರ್ಷದಲ್ಲಿ ಇಟ್ಟ ಹೆಜ್ಜೆಗಳೆಲ್ಲ ಒಂದೇ ದಿಕ್ಕಿಗೆ. ಫಾಲ್ ಗೈಸ್ ಕಥೆಯೂ ಇದೇ ಅಚ್ಚು: 2021ರಲ್ಲಿ ಎಪಿಕ್ ಕೊಂಡಿತು, 2022ರಲ್ಲಿ ಉಚಿತ, ಹೊಸಬರಿಗೆ ಸ್ಟೀಮ್ ಇಲ್ಲ.

ಇನ್ನೊಂದು ಬಗೆಯ ಖರೀದಿದಾರರು ಇದ್ದಾರೆ. ಸ್ಟುಡಿಯೋಗಳನ್ನು ಕೊಂಡು ಗುಂಪು ಬೆಳೆಸುವುದೇ ಅವರ ವ್ಯಾಪಾರ. ಸ್ವೀಡನ್‌ನ ಎಂಬ್ರೇಸರ್ ಹೀಗೇ ಬೆಳೆಯಿತು. 2023ರ ಮೇ ತಿಂಗಳಲ್ಲಿ ಸುಮಾರು 200 ಕೋಟಿ ಡಾಲರ್‌ನ ಒಂದು ಒಪ್ಪಂದ ಕೈತಪ್ಪಿತು ಅಂತ ಅದು ಹೇಳಿತು. ಅದೇ ಆಗಸ್ಟ್‌ನಲ್ಲಿ ಗುಂಪಿನ ವೊಲಿಷನ್ ಸ್ಟುಡಿಯೋ ಮುಚ್ಚಿತು. 1993ರಿಂದ ನಡೆದುಕೊಂಡು ಬಂದ ಸ್ಟುಡಿಯೋ ಅದು. ಅದರ ಕೊನೆಯ ಸೇಂಟ್ಸ್ ರೋ ಗೇಮ್ ಅಷ್ಟೇನೂ ಓಡಿರಲಿಲ್ಲ ನಿಜ, ಆದರೆ ಮುಚ್ಚುವ ತೀರ್ಮಾನ ಬಂದದ್ದು ಇಡೀ ಗುಂಪಿನ ಖರ್ಚು ಇಳಿಸುವ ಯೋಜನೆಯಡಿ. ಇಂಥವರು ಕೊಂಡಾಗ ಗೇಮ್ ಚೆನ್ನಾಗಿದೆಯಾ ಅಂತ ನೋಡಿದರೆ ಸಾಲದು, ಗುಂಪಿನ ಸಾಲ ಎಷ್ಟಿದೆ ಅಂತಲೂ ನೋಡಬೇಕು.

ಅರ್ನ್-ಔಟ್: ನಿಧಾನವಾಗಿ ಓದಿ

ಸುದ್ದಿಯಲ್ಲಿ ಬರುವ ಬೆಲೆ ಒಂದೇ ಸಂಖ್ಯೆ. ಆದರೆ ಎಷ್ಟೋ ಸಲ ಆ ಸಂಖ್ಯೆಯಲ್ಲಿ ಎರಡು ಭಾಗ ಇರುತ್ತವೆ. ಒಂದು, ಸಹಿ ಹಾಕಿದಾಗ ಕೊಡುವ ದುಡ್ಡು. ಇನ್ನೊಂದು, ಮುಂದೆ ಇಂತಿಷ್ಟು ವರ್ಷದಲ್ಲಿ ಸ್ಟುಡಿಯೋ ಇಂತಿಷ್ಟು ಗಳಿಸಿದರೆ ಮಾತ್ರ ಕೊಡುವ ದುಡ್ಡು. ಈ ಎರಡನೆಯದೇ ಅರ್ನ್-ಔಟ್. ಮಾರುವವರು "ನಮ್ಮ ಮುಂದಿನ ಗೇಮ್ ಸಿಕ್ಕಾಪಟ್ಟೆ ಓಡುತ್ತದೆ" ಅನ್ನುತ್ತಾರೆ. ಕೊಳ್ಳುವವರು "ಓಡಲಿ, ಆಮೇಲೆ ಕೊಡುತ್ತೇವೆ" ಅನ್ನುತ್ತಾರೆ. ಇಲ್ಲಿಯವರೆಗೆ ಸರಳ.

ಲೆಕ್ಕ ಹಾಕಿದರೆ ಮಾತ್ರ ಇದರ ಮಸಲತ್ತು ಕಾಣುತ್ತದೆ. ಇದು ಬರೀ ಊಹೆಯ ಲೆಕ್ಕ. ಸಹಿ ಹಾಕಿದ ದಿನ 10 ಕೋಟಿ ಡಾಲರ್. ಮೂರು ವರ್ಷದ ಒಟ್ಟು ಆದಾಯ 6 ಕೋಟಿ ದಾಟಿದರೆ, ದಾಟಿದ ಪ್ರತಿ ಡಾಲರ್‌ಗೆ 2 ಡಾಲರ್ ಹೆಚ್ಚುವರಿ. ಹೆಚ್ಚುವರಿ ಎಷ್ಟೇ ಆದರೂ 4 ಕೋಟಿ ಮೀರುವಂತಿಲ್ಲ.

ಆದಾಯ 5.9 ಕೋಟಿ ಆದರೆ ಹೆಚ್ಚುವರಿ ಸೊನ್ನೆ. 7 ಕೋಟಿ ಆದರೆ 2 ಕೋಟಿ. 8 ಕೋಟಿ ಆದರೆ 4 ಕೋಟಿ. 9 ಕೋಟಿ ಆದರೂ 4 ಕೋಟಿಯೇ.

ಈಗ ಕ್ಯಾಲೆಂಡರ್ ತನ್ನಿ. ಸ್ಟುಡಿಯೋದ ಹಳೆಯ ಗೇಮ್ ಮೂರು ವರ್ಷದಲ್ಲಿ 5.5 ಕೋಟಿ ತರುತ್ತದೆ ಅಂತಿಟ್ಟುಕೊಳ್ಳಿ. ಹೊಸ ಗೇಮ್ 34ನೇ ತಿಂಗಳ ಕೊನೆಗೆ ಹೊರಬಂದರೆ ಉಳಿದ ಎರಡು ತಿಂಗಳಲ್ಲಿ 3 ಕೋಟಿ ತರಬಹುದು. ಒಟ್ಟು 8.5 ಕೋಟಿ, ಪೂರ್ತಿ 4 ಕೋಟಿ ಹೆಚ್ಚುವರಿ ಕೈಗೆ. ಅದೇ ಗೇಮ್ ಮೂರು ತಿಂಗಳು ತಡವಾಗಿ, 37ನೇ ತಿಂಗಳಲ್ಲಿ ಬಂದರೆ? ಒಟ್ಟು 5.5 ಕೋಟಿ, ಹೆಚ್ಚುವರಿ ಸೊನ್ನೆ. ಗೇಮ್ ಅದೇ, ಮಾಡಿದವರು ಅವರೇ, ಕೊಂಡು ಆಡುವವರೂ ಅವರೇ. ಮೂರು ತಿಂಗಳಿಗೆ 4 ಕೋಟಿ ಡಾಲರ್ ವ್ಯತ್ಯಾಸ.

ಇಲ್ಲಿ ನಿಂತು ಇಬ್ಬರ ಜಾಗದಲ್ಲೂ ಒಂದು ಸಲ ಕೂತು ನೋಡಿ. ಸ್ಟುಡಿಯೋ ಮುಖ್ಯಸ್ಥರಿಗೆ ಗೇಮ್ ಅರೆಬೆಂದಿದ್ದರೂ ಗಡುವಿನೊಳಗೆ ತಂದುಬಿಡೋಣ ಅನ್ನುವ ಆಸೆ ಹುಟ್ಟುತ್ತದೆ. ಕೊಂಡ ಕಂಪನಿಗೆ ಗೇಮ್ ಸಿದ್ಧವಿದ್ದರೂ ಗಡುವು ದಾಟಿಸೋಣ ಅನ್ನುವ ಆಸೆ. ಇಬ್ಬರೂ ಹೊರಗೆ ಹೇಳುವುದು ಮಾತ್ರ ಒಂದೇ: "ಆಟಗಾರರ ಒಳ್ಳೆಯದಕ್ಕೆ." ತಡ ಮಾಡಿದವರೂ ಗುಣಮಟ್ಟದ ಹೆಸರು ಹೇಳುತ್ತಾರೆ, ಅವಸರ ಮಾಡಿದವರೂ ಅದನ್ನೇ ಹೇಳುತ್ತಾರೆ. ಹೊರಗಿನಿಂದ ನೋಡುವ ಗೇಮರ್‌ಗೆ ಯಾವುದು ನಿಜವಾದ ತಡ, ಯಾವುದು ಲೆಕ್ಕದ ತಡ ಅಂತ ಗೊತ್ತಾಗುವ ದಾರಿಯೇ ಇಲ್ಲ. ನನ್ನ ಪ್ರಕಾರ ಗೇಮರ್‌ಗಳ ಪಟ್ಟಿಯಲ್ಲಿ ಮೊದಲು ಇರಬೇಕಾದ ಭಯ ಇದು. ಆದರೆ ಇದರ ಬಗ್ಗೆ ಮಾತಾಡುವವರೇ ಕಡಿಮೆ.

ಇದು ಬರೀ ಪುಸ್ತಕದ ಲೆಕ್ಕವಾಗಿ ಉಳಿದಿಲ್ಲ. ಸಬ್‌ನಾಟಿಕಾ ಮಾಡಿದ ಅನ್‌ನೋನ್ ವರ್ಲ್ಡ್ಸ್ ಸ್ಟುಡಿಯೋವನ್ನು ಪಬ್‌ಜಿ ಹಿಂದಿರುವ ಕೊರಿಯಾದ ಕ್ರಾಫ್ಟನ್ 2021ರಲ್ಲಿ ಕೊಂಡಿತು. ಮೊದಲು 50 ಕೋಟಿ ಡಾಲರ್, ಮೇಲೆ ಗರಿಷ್ಠ 25 ಕೋಟಿ ಡಾಲರ್ ಅರ್ನ್-ಔಟ್. 2025ರ ಜುಲೈನಲ್ಲಿ ಸ್ಟುಡಿಯೋದ ಮೂವರು ಮುಖ್ಯಸ್ಥರನ್ನು ಕ್ರಾಫ್ಟನ್ ತೆಗೆದುಹಾಕಿತು. ಸಬ್‌ನಾಟಿಕಾ 2 ಗೇಮ್‌ನ ಅರ್ಲಿ ಆಕ್ಸೆಸ್ (ಪೂರ್ತಿಯಾಗುವ ಮೊದಲೇ ಆಡಲು ಮಾರುವ ಆವೃತ್ತಿ) 2025ರಿಂದ 2026ಕ್ಕೆ ಹೋಯಿತು. ಹೆಚ್ಚುವರಿ ದುಡ್ಡು ಕೊಡಬಾರದು ಅಂತಲೇ ತಡ ಮಾಡಿದರು ಅನ್ನುವುದು ಮುಖ್ಯಸ್ಥರ ಆರೋಪ. ಅವರು ಜವಾಬ್ದಾರಿ ಬಿಟ್ಟಿದ್ದರು, ಗೇಮ್ ಸಿದ್ಧವಿರಲಿಲ್ಲ ಅನ್ನುವುದು ಕ್ರಾಫ್ಟನ್ ವಾದ. ಅರ್ನ್-ಔಟ್‌ನ ಸುಮಾರು ಶೇ. 90 ಆ ಮೂವರಿಗೇ ಇಟ್ಟಿದ್ದು ಅಂತಲೂ ಕ್ರಾಫ್ಟನ್ ಹೇಳಿತು. ಜಗಳ ಅಮೆರಿಕದ ಡೆಲವೇರ್ ಕೋರ್ಟ್ ಮೆಟ್ಟಿಲೇರಿತು. ಮೇಲಿನ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಂಡು ಈ ಸುದ್ದಿಯನ್ನು ಮತ್ತೆ ಓದಿ. ಎರಡೂ ಕಡೆಯ ಮಾತು ಯಾಕೆ ಅಷ್ಟು ನಂಬುವಂತೆ ಕೇಳಿಸುತ್ತದೆ ಅಂತ ಆಗ ತಿಳಿಯುತ್ತದೆ.

ಅರ್ನ್-ಔಟ್‌ನ ಇನ್ನೊಂದು ಪರಿಣಾಮ ಇದೆ, ಇದು ಶಾಂತವಾದದ್ದು. ಅವಧಿ ಮುಗಿಯುವವರೆಗೆ ಕೊಂಡವರು ಸ್ಟುಡಿಯೋದ ಕೆಲಸದಲ್ಲಿ ಜಾಸ್ತಿ ಕೈ ಹಾಕಿದರೆ "ನಿಮ್ಮಿಂದಲೇ ಗುರಿ ತಪ್ಪಿತು" ಅಂತ ದಾವೆ ಬೀಳುವ ಅಪಾಯ. ಹಾಗಾಗಿ ಸುಮ್ನೆ ಇರುತ್ತಾರೆ. "ಏನೂ ಬದಲಾಗುವುದಿಲ್ಲ" ಅನ್ನುವ ಪ್ರಕಟಣೆ ಅಷ್ಟು ದಿನ ಬಹುಮಟ್ಟಿಗೆ ನಿಜವೇ. ಉದ್ಯೋಗಿಗಳು ಬಿಟ್ಟುಹೋಗದಿರಲಿ ಅಂತ ಕೊಡುವ ದುಡ್ಡಿಗೂ ಇಂಥದ್ದೇ ಅವಧಿ ಇರುತ್ತದೆ. ಸೋನಿ 2022ರಲ್ಲಿ ಡೆಸ್ಟಿನಿ ಗೇಮ್ ಮಾಡಿದ ಬಂಜಿ ಸ್ಟುಡಿಯೋವನ್ನು 360 ಕೋಟಿ ಡಾಲರ್‌ಗೆ ಕೊಂಡಾಗ ಅದರಲ್ಲಿ ಸುಮಾರು 120 ಕೋಟಿ ಇದಕ್ಕೇ ಮೀಸಲಿತ್ತು. ಹಾಗಿದ್ದೂ 2023ರ ಅಕ್ಟೋಬರ್‌ನಲ್ಲಿ ಒಮ್ಮೆ, 2024ರ ಜುಲೈನಲ್ಲಿ ಇನ್ನೊಮ್ಮೆ ಲೇಆಫ್ ಆಯಿತು. ಎರಡನೇ ಸಲ 220 ಜನ ಹೊರಗೆ.

ಬಾಯಿಮಾತು ಮತ್ತು ಬರೆದ ಮಾತು

ಎಕ್ಸ್‌ಕ್ಲೂಸಿವ್ ಭಯದ (ಗೇಮ್ ಒಂದೇ ಕಂಪನಿಯ ಕನ್ಸೋಲ್‌ಗೆ ಸೀಮಿತವಾದೀತು ಅನ್ನುವ ಭಯ) ಬಗ್ಗೆ ಚುಟುಕಾಗಿ ಹೇಳುತ್ತೇನೆ, ಇದು ಎಲ್ಲರಿಗೂ ಗೊತ್ತಿರುವಂಥದ್ದು. ಬೆಥೆಸ್ಡಾದ ಮಾತೃಸಂಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡ ಮೇಲೆ, 2023ರಲ್ಲಿ ಬೆಥೆಸ್ಡಾದ ಸ್ಟಾರ್‌ಫೀಲ್ಡ್ ಗೇಮ್ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಕನ್ಸೋಲ್ ಮತ್ತು ಪಿಸಿಗೆ ಮಾತ್ರ ಬಂತು. ಆದರೆ 2019ರಲ್ಲಿ ಅದೇ ಮೈಕ್ರೋಸಾಫ್ಟ್ ಕೊಂಡ ಡಬಲ್ ಫೈನ್‌ನ ಸೈಕೋನಾಟ್ಸ್ 2, 2021ರಲ್ಲಿ ಸೋನಿಯ ಪ್ಲೇಸ್ಟೇಷನ್‌ಗೂ ಬಂತು. ಯಾಕೆಂದರೆ ಜನರಿಂದ ದುಡ್ಡು ಎತ್ತಿ ಶುರು ಮಾಡಿದ ಗೇಮ್ ಅದು, ಆಗಲೇ ಮಾತು ಕೊಟ್ಟಾಗಿತ್ತು. ಕಾಲ್ ಆಫ್ ಡ್ಯೂಟಿ ಇನ್ನೂ 10 ವರ್ಷ ಬೇರೆ ಕನ್ಸೋಲ್‌ಗಳಿಗೂ ಕೊಡುತ್ತೇವೆ ಅಂತ ಮೈಕ್ರೋಸಾಫ್ಟ್ ಬರೆದುಕೊಟ್ಟದ್ದು ಆ ಗೇಮ್‌ನ ಒಡೆಯ ಆಕ್ಟಿವಿಷನ್‌ನ 6,870 ಕೋಟಿ ಡಾಲರ್ ಖರೀದಿಯ ಮೇಲೆ ಅಮೆರಿಕ, ಬ್ರಿಟನ್, ಯುರೋಪಿನ ನಿಯಂತ್ರಕರು ಕಣ್ಣಿಟ್ಟಿದ್ದಾಗ.

ಇಂಡೀ ಸ್ಟುಡಿಯೋಗಳಿಗೆ ಈ ರಕ್ಷಣೆ ಬಹುತೇಕ ಇಲ್ಲ. ಅಮೆರಿಕದಲ್ಲಿ 2024ರ ನಿಯಮದಂತೆ 11.95 ಕೋಟಿ ಡಾಲರ್‌ಗಿಂತ ಸಣ್ಣ ಖರೀದಿಯನ್ನು ಸಾಮಾನ್ಯವಾಗಿ ಮುಂಚೆಯೇ ಸರ್ಕಾರಕ್ಕೆ ತಿಳಿಸಬೇಕಾಗಿರಲಿಲ್ಲ. ಯಾರೂ ಕೇಳದಿದ್ದರೆ ಬರೆದುಕೊಡುವವರು ಯಾರು?

ಚೆನ್ನಾಗಿ ಮಾಡಿದರೆ ಉಳಿಯುತ್ತಾರಾ?

ಖಚಿತವಿಲ್ಲ. ಟ್ಯಾಂಗೋ ಗೇಮ್‌ವರ್ಕ್ಸ್‌ನ ಹೈ-ಫೈ ರಶ್ 2023ರ ಜನವರಿಯಲ್ಲಿ ಬಂದು ಎಲ್ಲರ ಮೆಚ್ಚುಗೆ ಗಳಿಸಿತು. 2024ರ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್‌ಗೂ ಬಂತು. ಮೇ ತಿಂಗಳಲ್ಲಿ ಸ್ಟುಡಿಯೋ ಮುಚ್ಚುವುದಾಗಿ ಮೈಕ್ರೋಸಾಫ್ಟ್ ಹೇಳಿತು. ಆಗಸ್ಟ್‌ನಲ್ಲಿ ಸ್ಟುಡಿಯೋವನ್ನೂ ಆ ಗೇಮ್‌ನ ಹಕ್ಕನ್ನೂ ಕೊಂಡು ಉಳಿಸಿದ್ದು ಯಾರು ಗೊತ್ತಾ? ಮೇಲೆ ಹೇಳಿದ ಅದೇ ಕ್ರಾಫ್ಟನ್. ಕೆಟ್ಟ ಕಂಪನಿ, ಒಳ್ಳೆಯ ಕಂಪನಿ ಅಂತ ಹಣೆಪಟ್ಟಿ ಅಂಟಿಸಿ ಓದಿದರೆ ಈ ವಿಷಯ ತಲೆಗೆ ಹತ್ತುವುದಿಲ್ಲ ಅನ್ನುವುದಕ್ಕೇ ಈ ಜೋಡಿಯನ್ನು ನಾನು ನೆನಪಿಟ್ಟುಕೊಂಡಿದ್ದೇನೆ.

ಗೇಮರ್‌ಗಳ ಅನುಮಾನಕ್ಕೆ ಹಳೆಯ ಬೇರು ಇದೆ. ಎಲೆಕ್ಟ್ರಾನಿಕ್ ಆರ್ಟ್ಸ್ (ಇಎ) ಕಂಪನಿ ಕೊಂಡ ಬುಲ್‌ಫ್ರಾಗ್ (1995) 2001ರಲ್ಲಿ, ವೆಸ್ಟ್‌ವುಡ್ (1998) 2003ರಲ್ಲಿ ಮುಚ್ಚಿದವು. ಇದನ್ನು ಕಂಡವರು ಇನ್ನೂ ಆಡುತ್ತಿದ್ದಾರೆ.

ಲಾಭವಾದದ್ದೂ ಉಂಟು. ಸೈಕೋನಾಟ್ಸ್ 2 ಮಾಡುವಾಗ ದುಡ್ಡು ಸಾಲದೆ ದೊಡ್ಡ ಬಾಸ್ (ಮುಖ್ಯ ಶತ್ರು) ಕಾಳಗಗಳನ್ನು ಕೈಬಿಡುವ ಸ್ಥಿತಿ ಇತ್ತು, ಮೈಕ್ರೋಸಾಫ್ಟ್ ಬಂದ ಮೇಲೆ ಅವು ವಾಪಸ್ ಬಂದವು ಅಂತ ಡಬಲ್ ಫೈನ್ ಮುಖ್ಯಸ್ಥ ಟಿಮ್ ಶೇಫರ್ ಅವರೇ ಹೇಳಿದ್ದಾರೆ.

ಅಭ್ಯಾಸಕ್ಕೆ: ಬಂಜಿ

ಐಪಿ ಒಂದು, ಜನ ಒಂದು ಅನ್ನುವುದು ಗಟ್ಟಿಯಾಗಬೇಕಾದರೆ ಬಂಜಿಯ ಹಾದಿಯನ್ನು ಒಮ್ಮೆ ಕಾಗದದ ಮೇಲೆ ಬರೆಯಿರಿ. 2000ದಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಅದಕ್ಕೂ ಹಿಂದಿನ ವರ್ಷ ಮ್ಯಾಕ್‌ವರ್ಲ್ಡ್ ಮೇಳದಲ್ಲಿ ಆಪಲ್‌ ವೇದಿಕೆಯ ಮೇಲೆ ತೋರಿಸಿದ್ದ ಬಂಜಿಯ ಹೇಲೋ ಗೇಮ್, 2001ರಲ್ಲಿ ಎಕ್ಸ್‌ಬಾಕ್ಸ್ ಜೊತೆ ಬಂತು. 2007ರಲ್ಲಿ ಬಂಜಿ ಮತ್ತೆ ಸ್ವತಂತ್ರವಾಯಿತು, ಹೇಲೋ ಮೈಕ್ರೋಸಾಫ್ಟ್ ಬಳಿಯೇ ಉಳಿಯಿತು. ಮುಂದೆ ಆಕ್ಟಿವಿಷನ್ ಜೊತೆ ಸೇರಿ ಡೆಸ್ಟಿನಿ ಹೊರತರುವಾಗ ಬಂಜಿ ತನ್ನನ್ನು ಮಾರಿಕೊಳ್ಳಲಿಲ್ಲ. ಆಕ್ಟಿವಿಷನ್ ಪಬ್ಲಿಷರ್ (ಗೇಮ್ ಮಾರುಕಟ್ಟೆಗೆ ತರುವ ಕಂಪನಿ) ಮಾತ್ರ. 2019ರಲ್ಲಿ ಇಬ್ಬರೂ ಬೇರೆಯಾದಾಗ ಡೆಸ್ಟಿನಿ ಬಂಜಿ ಜೊತೆಗೇ ಹೊರಬಂತು. 2022ರಲ್ಲಿ ಸೋನಿ ಕೈಗೆ ಹೋದದ್ದು ಸ್ಟುಡಿಯೋ ಮತ್ತು ಡೆಸ್ಟಿನಿ, ಎರಡೂ. ಪ್ರತಿ ಇಸವಿಯ ಪಕ್ಕದಲ್ಲಿ ಎರಡು ಕಾಲಂ ಹಾಕಿ: ಜನ ಎಲ್ಲಿ, ಹೆಸರು ಎಲ್ಲಿ. 2007ರ ಸಾಲಿನಲ್ಲಿ ಮಾತ್ರ ಎರಡು ಕಾಲಂಗಳಲ್ಲಿ ಬೇರೆ ಬೇರೆ ಉತ್ತರ ಬರುತ್ತದೆ.